ಏಳು ಹಂಡೆ, ಎರಡು ಪಾಲು

ತೆಲಾವಿಯಿಂದ ಬೆಳಗಿನ ಬಸ್ಸಿಗೆ ಬಂದೆ.
ಕೋರ್ಟು ಕಳಿಸಿದ ಮನುಷ್ಯ ನಾನು,
ಬೆಲೆ ಕಟ್ಟುವವನು.
ಚೀಲದಲ್ಲಿ ಟೇಪು, ನಾಲ್ಕು ಪುಟದ ನಮೂನೆ.
ಬೆಲೆ ಕಟ್ಟಲಾಗದ್ದು ಎಂಬ ಕಾಲಂ ಅದರಲ್ಲಿಲ್ಲ;
ಇದ್ದಿದ್ದರೆ ನನಗೆ ಕೆಲಸವಿರುತ್ತಿರಲಿಲ್ಲ.

ಗೋಚಾ ಬಾಗಿಲಲ್ಲಿ ನಿಂತಿದ್ದ, ನುಣ್ಣಗೆ ಗಡ್ಡ ಬೋಳಿಸಿ,
ಮದುವೆಗೆ ಹೊರಟವನ ಹಾಗೆ.
ನಾಜಿಬ್ರೋಲಾ ಒಳಗೆ ಬರಲಿಲ್ಲ.
ದಾಳಿಂಬೆ ಗಿಡದ ಹತ್ತಿರ ನಿಂತಳು,
ಕೋಟಿನ ಗುಂಡಿ ಬಿಚ್ಚದೆ.

ಮೊದಲು ಸುಲಭದ್ದು.
ಟ್ರ್ಯಾಕ್ಟರು, ಒಂಬತ್ತು ಸಾವಿರ ಲರಿ.
ಬಾಟಲಿ ತುಂಬುವ ಯಂತ್ರ,
ಕೊಂಡಾಗ ಹದಿನೆಂಟು, ಈಗ ಆರು.
ಅದರ ಸಾಲ ಮಾತ್ರ ಹನ್ನೊಂದರಲ್ಲೇ ನಿಂತಿದೆ.
ಯಂತ್ರಕ್ಕೆ ವಯಸ್ಸಾಗುತ್ತದೆ, ಸಾಲಕ್ಕೆ ಆಗುವುದಿಲ್ಲ.
ಬ್ಯಾಂಕಿನ ಕಾಗದದಲ್ಲಿ ಇಬ್ಬರ ಹೆಸರೂ ಇನ್ನೂ
ಒಂದೇ ಸಾಲಿನಲ್ಲಿ,
ನಡುವೆ ಒಂದು ‘ಮತ್ತು’.

ಆಮೇಲೆ ದ್ರಾಕ್ಷಾರಸದ ಕೋಣೆ.
ಅಲ್ಲಿ ಪಾತ್ರೆ ಕಾಣುವುದಿಲ್ಲ, ಬಾಯಿ ಮಾತ್ರ:
ಕತ್ತಿನವರೆಗೆ ನೆಲದಲ್ಲಿ ಹೂತ ಮಣ್ಣಿನ ಹಂಡೆಗಳು,
ಕ್ವೆವ್ರಿ ಅನ್ನುತ್ತೇವೆ ನಾವು.
ಏಳು ಮುಚ್ಚಳ, ಏಳಕ್ಕೂ ಹಸಿಮಣ್ಣಿನ ಮೆತ್ತಿಗೆ.
‘ಮೂರು ನಮ್ಮಜ್ಜನವು, ಲೆಕ್ಕಕ್ಕಿಲ್ಲ.’
ಸರಿ, ಕಾನೂನೂ ಹಾಗೇ ಅನ್ನುತ್ತದೆ.
‘ನಾಲ್ಕು ಆಮೇಲಿನವು. ಆದರೆ ನೆಲ ನಮ್ಮಪ್ಪನದು.
ನೆಲದಲ್ಲಿ ಹೂತದ್ದು ನೆಲದವನದು.’
ಗಿಡದ ಹತ್ತಿರದಿಂದ ಅವಳು, ದನಿ ಏರಿಸದೆ:
‘ಹಾಗಾದರೆ ಅಗೆದು ಕೊಡಲಿ.’
ಅಗೆದರೆ ಒಡೆಯುತ್ತದೆ.
ಮೂವರಿಗೂ ಗೊತ್ತು.

ಕೊಂಡ ದುಡ್ಡು ಯಾರದು?
ನೇಪಲ್ಸಿನಲ್ಲಿ ಹನ್ನೊಂದು ವರ್ಷ
ಯಾರದೋ ಅಜ್ಜಿಯ ಬೆನ್ನು ಒರೆಸಿ,
ರಾತ್ರಿ ಮೂರಕ್ಕೆದ್ದು ಮಗ್ಗುಲು ಬದಲಿಸಿ,
ಮಿನಿಬಸ್ಸಿನ ಡ್ರೈವರನ ಕೈಲಿ ಕಳಿಸಿದ ಲಕೋಟೆಗಳು.
ರಸೀದಿ?
ರಸೀದಿ ಇಲ್ಲ. ಡ್ರೈವರೂ ಇಲ್ಲ, ಹೋದ ವರ್ಷ ಸತ್ತ.
ಗೋಚಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ,
ಬಗ್ಗಿ ಒಂದು ಮುಚ್ಚಳದ ಧೂಳು ಒರೆಸಿದ.

ಬರೆದೆ: ಹಂಡೆ ನಾಲ್ಕು, ತಲಾ ಎರಡು ಸಾವಿರ.
ಒಳಗಿನ ರಸ? ಏಪ್ರಿಲ್ಲಿನವರೆಗೆ ತೆರೆಯುವ ಹಾಗಿಲ್ಲ.
ಕೋರ್ಟಿಗೆ ನವೆಂಬರಿನಲ್ಲೇ ಬೆಲೆ ಬೇಕು.
ಗೆರೆ ಎಳೆದು ಖಾಲಿ ಬಿಟ್ಟೆ.

‘ಇದನ್ನೂ ಬರಕೋ’ ಅಂದಳು.
‘ತೊಳೆಯೋಕೆ ಒಳಗೆ ಇಳೀತಿದ್ದೋಳು ನಾನು.
ಆಗ ತೆಳ್ಳಗಿದ್ದೆ.
ಚೆರ್ರಿ ತೊಗಟೆಯ ಕುಂಚ ಹಿಡಿದು ಕತ್ತಲಲ್ಲಿ ಉಜ್ಜುತ್ತಾ
ಏನಾದರೂ ಮಾತಾಡ್ತಾನೇ ಇರಬೇಕು.
ದನಿ ನಿಂತರೆ ಮೇಲಿದ್ದೋನು ಹಗ್ಗ ಎಳೀಬೇಕು.
ಒಂದು ಸಲ, ಬೇಕಂತಲೇ, ಸುಮ್ಮನಾದೆ.
ಎಳೆದ. ಭುಜದ ಚರ್ಮ ಕಿತ್ತುಹೋಗೋ ಹಾಗೆ ಎಳೆದ.
ಇಟಲಿಯಿಂದ ಬಂದಮೇಲೆ
ಹಂಡೆಯ ಬಾಯಿ ನನ್ನನ್ನ ಹಿಡಿಸಲಿಲ್ಲ.’
ನಾನು ಬರೆದುಕೊಳ್ಳಲಿಲ್ಲ,
ಬರೆಯುವವನ ಹಾಗೆ ಪೆನ್ನು ಆಡಿಸಿದೆ.

ಕೂಡಿದೆ, ಕಳೆದೆ, ಭಾಗಿಸಿದೆ.
ಇಪ್ಪತ್ತಾರು ವರ್ಷ ಇವರು ಕೂಡಿ ಕಳೆದದ್ದು
ನನ್ನ ಮೊಬೈಲಿನಲ್ಲಿ ಒಂದೂವರೆ ನಿಮಿಷ.
ಟ್ರ್ಯಾಕ್ಟರು, ಯಂತ್ರ, ಹಂಡೆ ಅವನಿಗೆ.
ಸಾಲದ ಅರ್ಧ ಮುರಿದು ಅವಳಿಗೆ ಆರು ಸಾವಿರ,
ಹನ್ನೆರಡು ಕಂತು.
‘ನೇಪಲ್ಸಿನ ಎರಡೂವರೆ ತಿಂಗಳು’
ಅಂದಳು, ಬೆರಳೆಣಿಸಿ.
ಅವನು ಬ್ಯಾಂಕಿಗೆ ಕಟ್ಟದಿದ್ದರೆ
ನೋಟೀಸು ಬರುವುದು ಅವಳ ಅಕ್ಕನ ಮನೆಗೆ.
ಆ ‘ಮತ್ತು’ವನ್ನು ಅಳಿಸುವ ಅಧಿಕಾರ
ನನಗಿಲ್ಲ, ಜಡ್ಜಿಗೂ ಇಲ್ಲ.

ನನ್ನ ಶುಲ್ಕ ಮುನ್ನೂರು, ಸಮಪಾಲು.
ಅವನಲ್ಲಿ ಇಪ್ಪತ್ತು ಕಡಿಮೆ ಬಿತ್ತು.
ಅವಳು ಪರ್ಸು ತೆಗೆದು ತುಂಬಿಸಿದಳು,
ಯಾರ ಮುಖವನ್ನೂ ನೋಡದೆ.

ಗೇಟಿನವರೆಗೆ ಬಂದವನು ತಟ್ಟನೆ ಕೇಳಿದ,
ನನ್ನನ್ನಲ್ಲ:
‘ಕೊನೇದನ್ನ ಯಾವಾಗ ತೆರೀಲಿ?’
ಅವಳು ಕೊರಳಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.
‘ಈಸ್ಟರ್ ಕಳೀಲಿ. ಮುಂಚೆ ಬೇಡ, ಹುಳಿ ಇರುತ್ತೆ.’
ಬಸ್ಸು ಬಂತು.
ಅವಳೂ ನಾನೂ ಒಂದೇ ಬಸ್ಸು, ಬೇರೆ ಬೇರೆ ಸೀಟು.