ಅಣ್ಣನ ಪರವಾಗಿ

ಮಾನ್ಯ ಕೋಚ್ ಅವರಿಗೆ,
ನನ್ನ ಹೆಸರು ಬ್ರೆನ್ನನ್ ಹ್ಯಾಸ್ಕ್ಯೂ. ಎಡಗೈ ಪಿಚರ್.
ಆರಡಿ ಒಂದಿಂಚು, ನೂರ ಎಪ್ಪತ್ತು ಪೌಂಡು,
ವೇಗ ಎಂಬತ್ತಾರು, ಗಣಿತದಲ್ಲಿ ಬಿ

ಹೀಗೆ ಶುರು ಮಾಡುತ್ತಿದ್ದೆ
ಹದಿಮೂರು ವರ್ಷದ ನಾನು, ಬ್ರೆನ್ನನ್ ಅಲ್ಲದವಳು,
ವ್ಯಾನಿನ ಹಿಂದಿನ ಸೀಟಿನಲ್ಲಿ
ಬೆವರು ನಾರುವ ಕಿಟ್‌ಬ್ಯಾಗುಗಳ ನಡುವೆ ಕಾಲು ತೂರಿಸಿ.
"ನಿನ್ನ ಬರವಣಿಗೆ ಚೆನ್ನಾಗಿದೆ, ನೀನೇ ಬರಿ" ಎಂದಿದ್ದಳು ಅಮ್ಮ
ಟಲ್ಸಾ ದಾಟುವಾಗ, ಟೋಲಿಗೆ ಚಿಲ್ಲರೆ ಹುಡುಕುತ್ತ.

ಆ ಬೇಸಿಗೆ ಹನ್ನೊಂದು ಟೂರ್ನಿ.
ಜಾಪ್ಲಿನ್, ವಿಚಿಟಾ, ಫೋರ್ಟ್ ಸ್ಮಿತ್, ಮತ್ತೆ ಜಾಪ್ಲಿನ್.
ಅಪ್ಪ ಮೀನಿನ ದೋಣಿ ಮಾರಿದ; ದುಡ್ಡು ಹೋದದ್ದು
ತಂಡದ ಫೀಸಿಗೋ ಪೆಟ್ರೋಲಿಗೋ ಯಾರೂ ಹೇಳಲಿಲ್ಲ.
ಮೋಟೆಲಿನ ಬಚ್ಚಲ ತೊಟ್ಟಿಯಲ್ಲಿ ಬಿಳಿ ಪ್ಯಾಂಟು ನೆನೆಹಾಕಿದರೆ
ನೀರೆಲ್ಲ ಕೆಮ್ಮಣ್ಣು. ಅಮ್ಮ ಅದರ ಮಂಡಿ ತಿಕ್ಕುವಳು
ಒಳಗೆ ಇನ್ನೂ ಮಂಡಿ ಇರುವ ಹಾಗೆ, ಮೆತ್ತಗೆ.
ನನ್ನ ಹುಟ್ಟುಹಬ್ಬ ಬಂದದ್ದು ಮಳೆಗೆ ಆಟ ನಿಂತ ಮಧ್ಯಾಹ್ನ:
ಕೂಲರಿನ ಮುಚ್ಚಳದ ಮೇಲೆ ಒಂದು ವಾಫಲ್,
ಅದರ ಮೇಲೆ ಒಂದು ಬೆಂಕಿಕಡ್ಡಿ.

ಬಲೆಯ ಹಿಂದೆ, ಮಡಚುವ ಕುರ್ಚಿಗಳಲ್ಲಿ, ಅವರು.
ಟೋಪಿ, ಕಪ್ಪು ಕನ್ನಡಕ, ದವಡೆಯಲ್ಲಿ ಸೂರ್ಯಕಾಂತಿ ಬೀಜ.
ಅಣ್ಣ ಕೈ ಎತ್ತಿದೊಡನೆ
ವೇಗ ಅಳೆಯುವ ಆರು ಗನ್ನುಗಳು ಒಟ್ಟಿಗೆ ಏಳುತ್ತಿದ್ದವು.
ಎಂಬತ್ತೈದು. ಎಂಬತ್ತಾರು. ಎಂಬತ್ತೈದು.
ಆಮೇಲೆ ಒಬ್ಬೊಬ್ಬರೇ ಕುರ್ಚಿ ಹೊತ್ತು
ಮೂರನೇ ಮೈದಾನದ ಕಡೆ ನಡೆಯುತ್ತಿದ್ದರು,
ಮಜ್ಜಿಗೆ ಬರುವ ಮುಂಚೆಯೇ ಪಂಕ್ತಿಯಿಂದ ಎದ್ದವರ ಹಾಗೆ.
ನಾನು ಸ್ಕೋರ್ ಪುಸ್ತಕದ ಅಂಚಿನಲ್ಲಿ
ಎದ್ದವರಿಗೆ ಒಂದೊಂದು ಗೀಟು ಹಾಕುತ್ತಿದ್ದೆ.

ಐವತ್ತೆಂಟು ಕಾಗದ. ಉತ್ತರ ಬಂದದ್ದು ಏಳಕ್ಕೆ;
ಆರರಲ್ಲಿ ಅವನ ಹೆಸರೇ ತಪ್ಪು.
ಬರೆದು ಬರೆದು ಬೇಸತ್ತು
ಒಂದು ರಾತ್ರಿ ನನ್ನದೇ ಸಾಲೊಂದನ್ನು ಸೇರಿಸಿದ್ದೆ:
"ಚೆಂಡನ್ನು ಕೈಬಿಡುವುದೇ ನನ್ನ ಕೆಲಸ.
ಯಾವಾಗ ಅಂತ ತಿಳಿದಿದ್ದರೆ ಸಾಕು."

ಏಳನೆಯದು ಕಾನ್ಸಾಸಿನ ಸಣ್ಣ ಕಾಲೇಜು. ಬನ್ನಿ, ನೋಡಿ ಹೋಗಿ ಎಂದಿತ್ತು.
ಗೋಧಿ ಹೊಲಗಳ ನಡುವೆ ಮೈದಾನ,
ಸ್ಕೋರ್‌ಬೋರ್ಡಿನ ಮೇಲೆ ಟ್ರಾಕ್ಟರ್ ಅಂಗಡಿಯ ಜಾಹೀರಾತು.
ಕೋಚ್ ಪ್ರುವಿಟ್ ನಮ್ಮ ಕಾಗದವನ್ನು ಮೇಜಿನ ಮೇಲಿಟ್ಟಿದ್ದ.
ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ.
"ಜೋರಾಗಿ ಎಸೆಯೋರು ನನಗೆ ಬೇಕಾದಷ್ಟು ಸಿಗ್ತಾರೆ.
ಇದನ್ನು ಹೇಳಪ್ಪ, ಹೀಗಂದರೇನು?"

ಅಣ್ಣ ಓದಿದ. ಮೊದಲ ಸಲ ಓದಿದ.
ಅವನ ಕಿವಿ ಕೆಂಪಾಯಿತು. ಅಮ್ಮ ಚೀಲದ ಜಿಪ್ಪು ಎಳೆದಳು, ಬಿಟ್ಟಳು.
ನಾನು ಗೋಡೆಯ ಫೋಟೋದಲ್ಲಿ ಹುಡುಗರನ್ನು ಎಣಿಸಿದೆ:
ಮೂವತ್ತನಾಲ್ಕು.
"ಅದು... ಎಸೆದಾಗಲೇ ಗೊತ್ತಾಗೋದು ಸರ್" ಅಂದ.
ಪ್ರುವಿಟ್ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ
ಈಗಲೂ ನಾವು ಮೂವರು ಮೂರು ಥರ ಹೇಳುತ್ತೇವೆ.

ವಾಪಸು ಬರುವಾಗ ಕತ್ತಲೆ.
ಫೋನಿನಲ್ಲಿ ಅಪ್ಪನಿಗೆ "ಚೆನ್ನಾಗಾಯ್ತು" ಎಂದಳು ಅಮ್ಮ, ಎರಡು ಸಲ.
ಅಣ್ಣ ಮುಂದಿನ ಸೀಟು ಬಿಟ್ಟು
ನನ್ನ ಪಕ್ಕ ಬಂದು ಕೂತಿದ್ದ.
"ಇನ್ನೂ ಎಷ್ಟು ಕಾಲೇಜು ಉಳಿದಿವೆ?"
"ನಾಲ್ಕು."
"ಬರ್ಕೋ" ಅಂದ, ಪಿಸುದನಿಯಲ್ಲಿ.
ಅವನಾಗಿ ಹೇಳಿ ಬರೆಸಿದ್ದು ಅದೊಂದೇ:
"ಈಸ್ಟರಿನಿಂದ ನನ್ನ ಎಡಭುಜ ನೋಯುತ್ತಿದೆ.
ಯಾರಿಗೂ ಹೇಳಿಲ್ಲ."

ಫೋನಿನ ಬೆಳಕು ಅವನ ಗಲ್ಲದ ಮೇಲೆ.
ಮಾನ್ಯ ಕೋಚ್ ಅವರಿಗೆ, ಎಂದು ಬೆರಳಿಟ್ಟೆ.
ಅಳಿಸಿದೆ.
ಅಮ್ಮ, ಎಂದು ಬರೆದೆ.