ಗ್ರಾಹಕರು ಸಹಕರಿಸಬೇಕು

ಪೇಪರಿನ ಐದನೇ ಪುಟದ ಮೂಲೆಯಲ್ಲಿ ಬೆರಳಗಲ ಸುದ್ದಿ:
ಬುಧವಾರ ಬೀರೂರು ಪಟ್ಟಣದಲ್ಲಿ
ಹತ್ತರಿಂದ ಐದರವರೆಗೆ ವಿದ್ಯುತ್ ವ್ಯತ್ಯಯ.
ಗ್ರಾಹಕರು ಸಹಕರಿಸಬೇಕು.

ಓದುವ ಮುಂಚೆಯೇ ನನಗೆ ಗೊತ್ತು.
ಹಿಂದಿನ ರಾತ್ರಿ ಇವರು ರಬ್ಬರ್ ಗ್ಲೌಸಿಗೆ
ಗಾಳಿ ತುಂಬಿ, ಬಾಯಿ ಹಿಚುಕಿ, ಕಿವಿಗೆ ಹಿಡಿದು
ತೂತಿದೆಯೇ ಎಂದು ಆಲಿಸುತ್ತಿದ್ದರು.
ಮಗು ಬಲೂನೆಂದು ಕೈಚಾಚಿತ್ತು.

ಬುಧವಾರ ಬೀದಿಗೆಲ್ಲ ಅವಸರ.
ಇಡ್ಲಿ ಹಿಟ್ಟಿನ ಲೋಕಮ್ಮ ನಾಲ್ಕಕ್ಕೇ ಗ್ರೈಂಡರ್ ಹಾಕಿ
ಗೋಡೆಯಾಚೆ ನಮ್ಮ ನಿದ್ದೆಯನ್ನೂ ರುಬ್ಬಿದಳು.
ಶಬೀನಾ ಮಷೀನಿನ ಮೋಟರು ಬಿಚ್ಚಿ
ಹಳೇ ಪೆಡಲ್ಲಿಗೆ ಎಣ್ಣೆ ಬಿಡುತ್ತಿದ್ದಾಳೆ,
ಸಂಜೆಗೆ ಎಂಟು ರವಿಕೆ ಕೊಡಬೇಕಂತೆ.
ಒಬ್ಬರ ಸಿಂಟೆಕ್ಸ್ ತುಂಬಿ ಚೆಲ್ಲಿ
ಇನ್ನೊಬ್ಬರ ರಂಗೋಲಿ ಅಳಿಸಿ, ಅದಕ್ಕೊಂದು ಜಗಳ.
ಮೂಲೆಮನೆ ಮೇಷ್ಟ್ರು ಇನ್ಸುಲಿನ್ ಬಾಟಲಿಯನ್ನು ಡಬ್ಬಿಯಲ್ಲಿಟ್ಟು
ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ
ಹಕ್ಕಿಮೊಟ್ಟೆಯ ಹಾಗೆ ಇಳಿಸಿದರು.

ನಲ್ಲಿಯ ಹತ್ತಿರ ಎಲ್ಲರೂ ನನ್ನನ್ನೇ ಕೇಳುತ್ತಾರೆ:
‘ನಿಮ್ಮೆಜಮಾನ್ರಿಗೆ ಹೇಳಿ ಮೂರಕ್ಕೇ ಕೊಡಿಸ್ಬಾರ್ದೇನಮ್ಮ?’
ಕರೆಂಟೆಂದರೆ ನಮ್ಮ ಹಿತ್ತಲ ಕರಿಬೇವು ಎನ್ನುವ ಹಾಗೆ.
ನಕ್ಕು ಕೊಡ ಎತ್ತಿಕೊಳ್ಳುತ್ತೇನೆ.

ನನ್ನ ತಯಾರಿಗೆ ಮೇಣದ ಬತ್ತಿ ಬೇಕಿಲ್ಲ.
ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ ಕಳಿಸಿ,
ಸೆರಗು ಸಿಕ್ಕಿಸಿ ಸ್ಟೇಷನ್ ರಸ್ತೆಯ ಛತ್ರಕ್ಕೆ ಹೋಗುತ್ತೇನೆ.
ಅಲ್ಲೊಂದು ಹಸಿರು ಜನರೇಟರು,
ಅದನ್ನು ಕಾಯುವ ಮರುಳಪ್ಪ.
‘ಎಲ್ಲಿ, ಆ ಹಿಡಿ ತೋರಿಸಣ್ಣ.’
‘ಲೈನಿಂದ ತಪ್ಸಿ ಈ ಕಡೆ ಹಾಕಿದ್ದೀನಿ ಕಣಕ್ಕ,
ಹೋದ ಸಲವೂ ಬಂದಿದ್ದಿರಿ.’
‘ಮುಟ್ಟಿ ತೋರಿಸು.’

ಎರಡು ವರ್ಷದ ಹಿಂದೆ ಅಂಗಡಿಯೊಂದರ ಜನರೇಟರು
ಸತ್ತ ತಂತಿಗೆ ಹಿಂದಿನಿಂದ ಜೀವ ಕೊಟ್ಟಿತ್ತು.
ಕಂಬದ ಮೇಲೆ ಇವರ ಜೊತೆಗಾರ ಹಾಲಸ್ವಾಮಿ.
ಅವನ ಟಿಫನ್ ಡಬ್ಬಿ ಇನ್ನೂ ನಮ್ಮ ಗೂಡಿನಲ್ಲಿದೆ.
ತೊಳೆದಿಟ್ಟಿದ್ದೇನೆ. ಕೇಳಲು ಯಾರೂ ಬಂದಿಲ್ಲ.

ಹತ್ತು ಗಂಟೆ.
ಫ್ಯಾನು ಮೂರು ಸುತ್ತು ಸೋತು ನಿಂತಿತು.
ಬೀದಿಯುದ್ದಕ್ಕೂ ಒಂದೇ ‘ಥೂ’.
ಫ್ರಿಜ್ಜಿನ ಗುಂಯ್ ಅಡಗಿದ್ದೇ
ಊರಿನ ಉಳಿದ ಸದ್ದೆಲ್ಲ ಹೊಸಿಲಿಗೆ ಬಂದು ಕೂತವು:
ಶಬೀನಾಳ ಪೆಡಲು, ಗೂಡ್ಸ್ ಗಾಡಿಯ ಕೊಂಡಿ,
ಯಾರದೋ ಒಗ್ಗರಣೆ.

ಸ್ವಿಚ್ಚು ಒತ್ತಿಯೇ ಇಟ್ಟು
ಬಲ್ಬಿನ ಕೆಳಗೆ ಅಕ್ಕಿ ಆರಿಸುತ್ತ ಕೂತಿದ್ದೇನೆ.
ಊರೆಲ್ಲ ಬಾ ಬಾ ಎನ್ನುವುದನ್ನು
ನಾನೊಬ್ಬಳು
ಈಗಲೇ ಬೇಡ, ಈಗಲೇ ಬೇಡ ಎನ್ನುತ್ತ.

ಮೂರೂವರೆಗೆ ಫಕ್ಕನೆ ಬೆಳಕು!
ಮೊರ ಜಾರಿ ಅಕ್ಕಿಯೆಲ್ಲ ನೆಲಕ್ಕೆ.
ಬಲ್ಬಲ್ಲ, ಬೀದಿಯಲ್ಲಿ ಹೋದ
ಸ್ಟೀಲ್ ಪಾತ್ರೆ ಗಾಡಿಯ ಬಿಸಿಲು.

ಐದು ಹತ್ತಕ್ಕೆ ನಿಜವಾಗಿ ಹತ್ತಿತು.
ಹುಡುಗರು ಹೋ ಎಂದರು. ಮೋಟರುಗಳು ಹೂಂಕರಿಸಿದವು.
ಲೋಕಮ್ಮ ಗೋಡೆಯಾಚೆಯಿಂದಲೇ ‘ಬಂತು ನೋಡೇ!’ ಎಂದಳು.

ಬೆಳಕು ಬಂತು.
ಅವರು ಇಳಿದ ಮೇಲೆಯೇ ಬಂತೋ ಎಂಬುದನ್ನು
ಅದು ಹೇಳುವುದಿಲ್ಲ. ಅದಕ್ಕೆ ಬೈಕಿನ ಸದ್ದೇ ಆಗಬೇಕು.
ಆರಿಸಿದ ಅಕ್ಕಿಯನ್ನೇ
ಮತ್ತೆ ಆರಿಸುತ್ತೇನೆ.