ನಾಲ್ಕು ಬೆರಳ ಸಂದು

ಗಾಲಿಗೂ ಮಡ್‌ಗಾರ್ಡಿಗೂ ನಡುವ
ಕೈ ತೂರಿಸಿ ಅಳದಾ ಹುಸೇನಸಾಬ.
ಬಲಗಡೆ ನಾಲ್ಕು ಬೆರಳು, ಮ್ಯಾಲೊಂದು ಬೀಡಿ.
ಎಡಗಡೆ ಬರೇ ನಾಲ್ಕು.
‘ಅಕ್ಕಾರ, ಇದು ನೀವು ಕುಂತ ಗುರ್ತು.
ಬಲಕ್ಕ ಕುಂತು ಕಲತವರು ದಿನಾ ಬ್ಯಾರೆ,
ಎಡಕ್ಕ ಹದಿನಾಲ್ಕು ವರ್ಷ ನೀವಽ.’

ಹೌದಲ್ಲ. ಸಹಸ್ರಾರ್ಜುನ ಡ್ರೈವಿಂಗ್ ಸ್ಕೂಲಿನ
ಈ ಎಸ್ಟೀಮಿನ್ಯಾಗ ನನ್ನ ಪಾಲಿಗೆ ಬಂದದ್ದು
ಎರಡನೇ ಬ್ರೇಕು ಒಂದಽ.
ಸ್ಟೇರಿಂಗ್ ಇನ್ನೊಬ್ಬರದು, ಎಕ್ಸಲೇಟರ್ ಇನ್ನೊಬ್ಬರದು,
ಬೆವರು ಮಾತ್ರ ಇಬ್ಬರದೂ.
ಬೆಟಗೇರಿ ಬಸ್‌ಸ್ಟ್ಯಾಂಡಿನ ಮುಂದ
ಟೇಲರ್ ಯಶೋದಾಬಾಯಿ ಕಣ್ಣು ಮುಚ್ಚಿ
ಹೊಲಿಗಿ ಮಷೀನು ತುಳದಂಗ ತುಳದಾಗ
ಗಾಡಿ ನಿಂತದ್ದು ನನ್ನ ಹಿಮ್ಮಡದಿಂದ.

ಈಗ ಸ್ಕೂಲಿಗೆ ಹೊಸಾ ಗಾಡಿ ಬಂದೈತಿ.
ಹಳೇದನ್ನ ನಾನಽ ಇಟಗೊಂಡೆ.
ಎಡಗಡೆ ಪೆಡಲ್ ಬಿಚ್ಚಿಸಿದೆ,
ಬಾಗಿಲ ಮ್ಯಾಲಿನ ಕೆಂಪು ಎಲ್ ಅಕ್ಷರ
ಸೀಮೆಎಣ್ಣಿ ಹಚ್ಚಿ ಉಗರಿಲೆ ಕೆರದೆ.
ಇನ್ನ ಅದು ತಗ್ಗಬೇಕು.
ರಸ್ತಾ ಹಿಡದು ಕುಂದರಬೇಕು,
ಕಾಲು ಮಡಚಿದ ಬೆಕ್ಕಿನಂಗ.

‘ಅರವತ್ತು ಮಿಲಿಮೀಟರ್ ಇಳಸು’ ಅಂದೆ.
ಏನೂ ಅನ್ನಲಿಲ್ಲ. ಹುಡುಗನ್ನ ಚಹಾಕ್ಕ ಕಳಿಸಿದಾ.
ಆಮ್ಯಾಲೆ ಕೇಳಿದಾ,
‘ಮನಿಯಿಂದ ಮುಳಗುಂದ ನಾಕಾತನಕ ಎಷ್ಟು ಹಂಪು?’
ಹನ್ನೊಂದು. ಒಂದೊಂದೂ ನನಗ ಗುರ್ತು.
ಡಾಂಬರಿಂದು ಏಳು, ಸಿಮೆಂಟಿಂದು ಮೂರು,
ಒಂದು ಯಾರೋ ನಳದ ಪೈಪು ಹುಗದು ಮುಚ್ಚಿದ್ದು.
ಅದು ಹಂಪಲ್ಲ, ಗೋರಿ.
‘ಅರವತ್ತು ಇಳಸಿದ್ರ ಆ ಗೋರಿ ಮ್ಯಾಲೆ
ನಿಮ್ಮ ಸೈಲೆನ್ಸರು ಮಲಗತೈತಿ.’
ನಲವತ್ತು?
ತಲಿ ಅಲ್ಲಾಡಿಸಿದಾ. ಇಲ್ಲ ಅಂತಲ್ಲ, ಹೂಂ ಅಂತನೂ ಅಲ್ಲ.
ಮೂವತ್ತಕ್ಕ ಬಂದು ನಿಂತೆ.

‘ಸ್ಪ್ರಿಂಗ್ ಅಷ್ಟಽ ಹಾಕು, ಶಾಕು ಹಳೇವಽ ಇರಲಿ,
ನಾಕು ರೂಪಾಯಿ ಉಳೀತಾವು.’
ಆಗ ಬಂತು ನೋಡ್ರಿ ಸಿಟ್ಟು.
ಮೂಲ್ಯಾಗಿಂದ ಒಂದು ಸವದ ಶಾಕು ತಂದು
ನನ್ನ ಕೈಯಾಗ ಇಟ್ಟಾ. ‘ಒತ್ತರಿ.’
ಬೆಣ್ಯಾಗ ಬೆರಳು ಇಳದಂಗ ಇಳೀತು.
ಹೊಸಾದೊಂದು ಕೊಟ್ಟಾ. ‘ಇದನ್ನ ಒತ್ತರಿ.’
ಮೈಭಾರ ಹಾಕಿದೆ. ತಡದು ತಡದು ಇಳೀತು,
ಬಿಟ್ಟರ ಅಷ್ಟಽ ನಿಧಾನ ಎದ್ದು ಬಂತು,
ವಿಚಾರ ಮಾಡಿ ಉತ್ತರ ಕೊಡೋರಂಗ.

‘ಸ್ಪ್ರಿಂಗಿಗೇನು, ಹಾರೂದಷ್ಟಽ ಗೊತ್ತು.
ಗಿಡ್ಡ ಸ್ಪ್ರಿಂಗು ಬಿರಸು, ಸೊಕ್ಕಿದ ಹೋರಿ.
ಅದಕ್ಕ ಹಳೇ ಶಾಕು ಹಾಕಿದ್ರ
ಹೂವಿನ ದಾರಲೆ ಹೋರಿ ಹಿಡದಂಗ.
ಒಂದು ತಗ್ಗಿಗೆ ನಾಕು ಸಲ ಕುಣೀತೈತಿ ಗಾಡಿ.
ಗಾಲಿ ನೆಲ ಬಿಟ್ಟರ
ತನ್ನ ಬಟ್ಟಲದಾಗಽ ಸಡ್ಲಾಗಿ ಕಟಕಟ ಅಂತೈತಿ.
ಗಿಡ್ಡಂದಕ್ಕ ಗಿಡ್ಡಂದು, ಬಿರಸಿಗೆ ಬಿರಸು.
ಜೋಡಿ ನೋಡಿ ಹಾಕಬೇಕ್ರಿ.’

ಜೋಡಿ ಅಂದಾಗ ನಾ ಸುಮ್ಮಾದೆ.
ನನಗ ಜೋಡಿ ನೋಡಿದವರು ಯಾರೂ
ಹಿಂಗ ಕೈಯಾಗ ಕೊಟ್ಟು
ಒತ್ತಿ ನೋಡು ಅಂದಿರಲಿಲ್ಲ.

ಹುಬ್ಬಳ್ಳಿಯಿಂದ ಪಾರ್ಸಲ್ ಬರಲಿಕ್ಕೆ ಒಂಬತ್ತು ದಿನ,
ಹಾಕಲಿಕ್ಕೆ ಒಂದು, ಗಾಲಿ ನೆಟ್ಟಗ ಮಾಡಲಿಕ್ಕೆ ಅರ್ಧ.
ಒಂದು ಜೊತಿ ಬೆಂಡೋಲಿ ಆಗೂ ರೊಕ್ಕ.
ಸಂಜೀಮುಂದ ಮತ್ತ ಕೈ ತೂರಿಸಿದಾ.
ಎರಡೂ ಕಡೆ ಎರಡೆರಡು ಬೆರಳು.
ಬೀಡಿ ಕಿವಿಮ್ಯಾಲೆ ಇತ್ತು.

ಹುಲಕೋಟಿ ರಸ್ತಾದಾಗ ನಾ ಒಬ್ಬಾಕೆನಽ.
ಕಪ್ಪತಗುಡ್ಡದ ಕಡಿಂದ ಅಡ್ಡಗಾಳಿ,
ಗಾಡಿ ಅಲಗಲಿಲ್ಲ.
ಬಿಂಕದಕಟ್ಟಿ ದಾಟಿದ ಮ್ಯಾಲೆ
ಟ್ರಕ್ಕಿನವರು ಕೆಡಿಸಿದ ತಗ್ಗು ಒಂದು ಬಂತು.
ಇಳೀತು, ಎದ್ದಿತು.
ಒಂದಽ ಸಲ. ಮುಗೀತು.
ಎಡಗಡೆ ನೋಡಿದೆ, ರೂಢಿ.
ಪೆಡಲ್ ಇದ್ದ ಜಾಗಾದಾಗ ಮ್ಯಾಟು
ಇನ್ನೂ ಹೊಸಾದರಂಗ ಕರ್ರಗ ಇತ್ತು.

ತಿರುಗಿ ಬರೂ ಮುಂದ
ಆ ಗೋರಿ ಮ್ಯಾಲೆ ಓರೆ ಮಾಡಿ ಹತ್ತಿಸಿದೆ.
ಸರ್ ಅಂತು ಸೈಲೆನ್ಸರು, ಸಣ್ಣಗ.
ಹುಸೇನಸಾಬಗ ಹೇಳಿಲ್ಲ.